ಮನಃಶಾಸ್ತ್ರ ಪದವಿ: ಮೂರು ವರ್ಷದಲ್ಲಿ ಏನು ಕಲಿಯುತ್ತೇವೆ?

ಕೇಳುಗರೇ, ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ವಿಭಾಗಕ್ಕೆ ಬರುವ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಮನಃಶಾಸ್ತ್ರ ತಗೊಂಡರೆ ಮೂರು ವರ್ಷಕ್ಕೆ ಕೌನ್ಸೆಲರ್ ಆಗಬಹುದಾ? ಇಲ್ಲ ಅಂದರೆ ಮುಖ ಸಪ್ಪೆಯಾಗುತ್ತದೆ. ಹಾಗಾದರೆ ಅಷ್ಟು ದಿನ ಏನು ಕಲಿಸುತ್ತೀರಿ ಅನ್ನುತ್ತಾರೆ. ಇವತ್ತು ಅದನ್ನೇ ಹೇಳುತ್ತೇನೆ.

ನಮ್ಮ ಲ್ಯಾಬಿಗೆ ಬನ್ನಿ. ಮೇಜಿನ ಮೇಲೆ ಜೋಡಿ ಗೆರೆಯ ಒಂದು ನಕ್ಷತ್ರವಿದೆ. ಅದು ನೇರವಾಗಿ ಕಾಣದ ಹಾಗೆ ಮರೆ ಕಟ್ಟಿದೆ, ಎದುರಿಗೆ ಕನ್ನಡಿ ಇದೆ. ಕನ್ನಡಿ ನೋಡಿಕೊಂಡೇ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೂಲೆ ಬಂದ ಕೂಡಲೇ ಕೈ ತಿಣುಕಾಡುತ್ತದೆ. ಮುಂದೆ ಹೋಗಬೇಕಾದ ಪೆನ್ಸಿಲ್ ಹಿಂದೆ ಬರುತ್ತದೆ. ಮೊದಲು ಎಡಗೈಯಲ್ಲಿ ಒಂದು ಸಲ. ಆಮೇಲೆ ಬಲಗೈಯಲ್ಲಿ ಮತ್ತೆ ಮತ್ತೆ. ಕೊನೆಗೆ ಪುನಃ ಎಡಗೈ. ಈ ಸಲ ಎಡಗೈ ಸಾಮಾನ್ಯವಾಗಿ ಕಡಿಮೆ ಹೊತ್ತು ತಗೊಳ್ಳುತ್ತದೆ, ಗೆರೆ ದಾಟುವುದೂ ಕಡಿಮೆ. ಬಲಗೈಗೆ ಕೊಟ್ಟ ಅಭ್ಯಾಸ ಎಡಗೈಗೂ ದಾಟಿತು ಅಂತ ಮಕ್ಕಳು ಖುಷಿಯಿಂದ ಬರೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಯಾರಾದರೂ ಕೇಳಬೇಕು: ಎಡಗೈ ಮೊದಲೇ ಒಂದು ಸಲ ಬರೆದಿತ್ತಲ್ವಾ, ಅದರಿಂದಲೇ ಸುಧಾರಿಸಿರಬಹುದಲ್ಲ? ಈ ಪ್ರಶ್ನೆ ಬಂದ ದಿನ ನನಗೆ ಹಬ್ಬ. ಬಲಗೈ ಅಭ್ಯಾಸ ಮಾಡದ ಇನ್ನೊಂದು ಗುಂಪು ಯಾಕೆ ಬೇಕು ಅನ್ನುವುದು ಆ ಮಕ್ಕಳಿಗೆ ಮತ್ತೆ ಯಾವತ್ತೂ ಮರೆಯುವುದಿಲ್ಲ.

ಮನಸ್ಸನ್ನು ಹೀಗೆ ಲ್ಯಾಬಿನಲ್ಲಿ ಅಳೆಯುವ ಕೆಲಸಕ್ಕೆ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ನೆಲೆ ಹಾಕಿದರು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮನಃಶಾಸ್ತ್ರ ವಿಭಾಗ ಬಂದದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಹತ್ತಿರ ಕಲಿತವರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ಶುರು ಮಾಡಿದವರೂ ಅವರೇ. ಮನಃಶಾಸ್ತ್ರದ ಬಗ್ಗೆ ಬಾನುಲಿಯಲ್ಲಿ ಮಾತಾಡುವಾಗ ಅವರನ್ನು ನೆನೆಯದೆ ಇರಲು ನನ್ನಿಂದಾಗದು.

ಇನ್ನು, ಥಿಯರಿ ಬೇಡ, ಕೆಲಸಕ್ಕೆ ಬರುವುದನ್ನು ಮಾತ್ರ ಕಲಿಸಿ ಅನ್ನುವವರಿದ್ದಾರೆ. ಅವರಿಗೆ ನಾನು ಬಿನೆ-ಕಾಮತ್ ಪರೀಕ್ಷೆಯನ್ನು ತೋರಿಸುತ್ತೇನೆ. ಶಾಲೆಯಲ್ಲಿ ಜಾಸ್ತಿ ನೆರವು ಬೇಕಾದ ಮಕ್ಕಳನ್ನು ಗುರುತಿಸಲು 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸೈಮನ್ ಒಂದು ಬುದ್ಧಿ ಪರೀಕ್ಷೆ ಮಾಡಿದರು. ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅದನ್ನು ಹೊಸದಾಗಿ ಹೊಂದಿಸಿದವರು ವಿ. ವಿ. ಕಾಮತ್. ಪ್ರಶ್ನೆಗಳನ್ನು ಕನ್ನಡಕ್ಕೆ ತಂದರೆ ಸಾಕಾಗಲ್ಲ. ನಮ್ಮ ಮಕ್ಕಳು ಯಾವ ವಯಸ್ಸಿಗೆ ಯಾವುದಕ್ಕೆ ಉತ್ತರ ಹೇಳುತ್ತಾರೆ ಅಂತ ಮತ್ತೆ ಅಳೆಯಬೇಕು. ಇಲ್ಲದಿದ್ದರೆ ಪ್ಯಾರಿಸ್ಸಿನ ಮಗುವಿನ ಪಕ್ಕ ನಿಲ್ಲಿಸಿ ನಮ್ಮ ಮಗುವನ್ನು ದಡ್ಡ ಅಂದುಬಿಡುತ್ತೇವೆ. ಕಾಮತರ ಮೂಲ ಕೆಲಸ ನಡೆದದ್ದು ಸ್ವಾತಂತ್ರ್ಯಕ್ಕೂ ಮುಂಚೆ. ಅಂದಿನ ಮಕ್ಕಳ ಲೆಕ್ಕ ಇಂದಿನವರಿಗೆ ಎಷ್ಟು ಸರಿ? ಒಂದು ಮಗುವಿನ ಸರ್ಟಿಫಿಕೇಟ್ ಮೇಲೆ ಅಂಕಿ ಬರೆಯುವವರು ಇದನ್ನು ಕೇಳಲೇಬೇಕು. ಕೇಳಬೇಕಾದರೆ ಸರಾಸರಿ ಅಂದರೇನು, ಹರವು ಅಂದರೇನು, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದು, ಗೊತ್ತಿರಬೇಕು. ಮಕ್ಕಳು ಹೆದರುವ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಇರುವುದೇ ಇದಕ್ಕೆ.

ಮುಂದಿನ ದಾರಿ ಉದ್ದವಿದೆ. ಪದವಿಯಾದ ಮೇಲೆ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ ಕೌನ್ಸೆಲಿಂಗ್, ಶಿಕ್ಷಣ, ಕಂಪನಿಗಳ ಎಚ್‌ಆರ್, ಸಂಶೋಧನೆಯ ಕಡೆ ಹೋಗುವವರಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮುಗಿಸಿ ಅಲ್ಲಿ ಹೆಸರು ನೋಂದಾಯಿಸಬೇಕು. ಮಾತ್ರೆ ಬರೆದುಕೊಡುವ ಸೈಕಿಯಾಟ್ರಿಸ್ಟ್ ಬೇರೆ, ಅವರು ಎಂಬಿಬಿಎಸ್ ಓದಿ ಬಂದ ವೈದ್ಯರು.

ಈ ವರ್ಷ ಕಾಲೇಜು ಹುಡುಕುತ್ತಿರುವವರು ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಲ್ಯಾಬ್ ತೆಗೆಸಿ ನೋಡಿ. ವಾರಕ್ಕೆ ಎಷ್ಟು ಗಂಟೆ ಪ್ರಾಕ್ಟಿಕಲ್ ನಡೆಯುತ್ತದೆ ಕೇಳಿ. ಹಿಂದಿನ ವರ್ಷದ ಮಕ್ಕಳ ರೆಕಾರ್ಡ್ ಪುಸ್ತಕ ಕೊಡಿಸಿಕೊಂಡು ತಿರುವಿ ಹಾಕಿ. ಎಲ್ಲರ ಪುಸ್ತಕದಲ್ಲೂ ಅದೇ ಅಂಕಿ ಕಂಡರೆ ಬೇರೆ ಕಾಲೇಜು ನೋಡಿ.

ನಮಸ್ಕಾರ.