ಮರದ ತೂಕ ಎಲ್ಲಿಂದ ಬಂತು? ಕಾಡು, ಕಡಲು ಮತ್ತು ನಾವು ಬಿಟ್ಟ ಹೊಗೆ

[ತಕ್ಕಡಿಯ ಮೇಲೆ ಒಂದು ಒಣ ಕೊರಡು]

ನಮಸ್ಕಾರ. ಈ ಕೊರಡಿನ ತೂಕ 10 ಕೆಜಿ, ಚೆನ್ನಾಗಿ ಒಣಗಿದೆ. ಇಷ್ಟು ತೂಕ ಎಲ್ಲಿಂದ ಬಂತು ಹೇಳಿ? ಮಣ್ಣಿನಿಂದ, ಅಲ್ವಾ? ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಸುಮಾರು 400 ವರ್ಷಗಳ ಹಿಂದೆ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಅನ್ನುವ ಮನುಷ್ಯ ಇದನ್ನು ತೂಗಿಯೇ ನೋಡಿದ. ಕುಂಡಕ್ಕೆ 200 ಪೌಂಡ್ ಒಣಮಣ್ಣು ತುಂಬಿ, 5 ಪೌಂಡಿನ ವಿಲ್ಲೋ ಗಿಡ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡ್ ಆಯಿತು, ಮಣ್ಣು ಕಡಿಮೆಯಾಗಿದ್ದು ಬರೀ 2 ಔನ್ಸ್. ಹಾಗಾದರೆ ನೀರೇ ಮರವಾಗಿದೆ ಅಂತ ತೀರ್ಮಾನ ಮಾಡಿಬಿಟ್ಟ. ಪಾಪ, ಗಾಳಿಯ ಲೆಕ್ಕ ಹಿಡಿಯಲೇ ಇಲ್ಲ. ತಮಾಷೆ ಅಂದರೆ 'ಗ್ಯಾಸ್' ಅನ್ನುವ ಪದ ಹುಟ್ಟಿಸಿದವನೂ ಅವನೇ, ಇದ್ದಿಲು ಸುಟ್ಟಾಗ ಒಂದು ಬೇರೆ ಗಾಳಿ ಹೊರಬರುತ್ತದೆ ಅಂತ ಗುರುತಿಸಿದವನೂ ಅವನೇ. ಆ ಗಾಳಿಯೇ ಕಾರ್ಬನ್ ಡೈಆಕ್ಸೈಡ್!

[ಕೊರಡು ಹತ್ತಿರದಿಂದ]

ಒಣ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ಕಾರ್ಬನ್. ಅಂದರೆ ಇದರಲ್ಲಿ 5 ಕೆಜಿ. ಅದಕ್ಕಾಗಿ ಮರ ಗಾಳಿಯಿಂದ ಎಳೆದುಕೊಂಡ ಕಾರ್ಬನ್ ಡೈಆಕ್ಸೈಡ್ ಸುಮಾರು 18 ಕೆಜಿ. ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ, ಪತ್ರರಂಧ್ರ ಅಂತೀವಲ್ಲ, ಎಲ್ಲವೂ ಅಲ್ಲಿಂದಲೇ ಒಳಗೆ ಹೋಗಬೇಕು. ಆದರೆ ಬಾಯಿ ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೇ ಬರ ಬಂದಾಗ ಮರ ಬಾಯಿ ಮುಚ್ಚಿಕೊಳ್ಳುತ್ತದೆ, ಊಟವೂ ನಿಲ್ಲುತ್ತದೆ.

ಇನ್ನೊಂದು ವಿಷಯ. ಮರವೂ ಉಸಿರಾಡುತ್ತದೆ, ಎಳೆದುಕೊಂಡಿದ್ದರಲ್ಲಿ ಅರ್ಧದಷ್ಟನ್ನು ಹಾಗೇ ವಾಪಸ್ ಬಿಡುತ್ತದೆ. ಉಳಿದದ್ದು ಕಾಂಡ, ಬೇರು, ಎಲೆ ಆಗುತ್ತದೆ. ಎಲೆ ಉದುರಿದರೆ ಶಿಲೀಂಧ್ರ, ಗೆದ್ದಲು ತಿಂದು ಮತ್ತೆ ಗಾಳಿಗೆ. ಕಾಡಿಗೆ ಬೆಂಕಿ ಬಿದ್ದರಂತೂ ನೂರು ವರ್ಷ ಕೂಡಿಟ್ಟದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಹಾಗಾಗಿ ಕಾಡನ್ನು ಖಜಾನೆ ಅನ್ನುವುದಕ್ಕಿಂತ ದಿನವೂ ಹಾಕಿ ತೆಗೆಯುವ ಬ್ಯಾಂಕ್ ಖಾತೆ ಅನ್ನುವುದೇ ಸರಿ.

[ಹಲ್ಲುಹಲ್ಲಾದ ಗೆರೆ]

ಈ ಹಾಕಿ ತೆಗೆಯುವ ಆಟ ಕಣ್ಣಿಗೇ ಕಾಣುತ್ತದೆ. ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರು ಮಾಡಿದ ಗೆರೆ ಇದು. ಉತ್ತರಾರ್ಧಗೋಳದಲ್ಲಿ ಬೇಸಿಗೆ ಬಂದು ಎಲೆ ತುಂಬಿದಾಗ ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಆದರೆ ಒಟ್ಟು ಗೆರೆ ಮೇಲಕ್ಕೇ ಹೋಗುತ್ತಿದೆ: ಆಗ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315, ಈಗ 420 ದಾಟಿದೆ. ನಾವು ವರ್ಷಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 4,000 ಕೋಟಿ ಟನ್. ಅರ್ಧದ ಹತ್ತಿರ ಗಾಳಿಯಲ್ಲೇ ಉಳಿಯುತ್ತದೆ, ಕಾಲು ಭಾಗ ಕಡಲಿಗೆ, ಮಿಕ್ಕದ್ದು ಗಿಡಮರ, ಮಣ್ಣಿಗೆ.

ಕಡಲಿನ ಕತೆ ಬೇರೆ.

[ಎರಡು ಸೋಡಾ ಬಾಟಲಿ: ಒಂದು ತಣ್ಣಗೆ, ಒಂದು ಬೆಚ್ಚಗೆ]

ಬೆಚ್ಚಗಿರುವುದನ್ನು ತೆರೆಯುತ್ತೇನೆ, ನೋಡಿ... ಬಟ್ಟೆಯೆಲ್ಲ ಒದ್ದೆ. ತಣ್ಣನೆಯದು ಸುಮ್ನೆ ಒಂದು 'ಟುಸ್' ಅಂದಿತು ಅಷ್ಟೇ. ತಣ್ಣೀರು ಗ್ಯಾಸನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಧ್ರುವಗಳ ಕಡೆಯ ಚಳಿ ಕಡಲುಗಳು ಚೆನ್ನಾಗಿ ಹೀರುತ್ತವೆ. ಆದರೆ ಕಡಲಿನಲ್ಲಿ ಅದು ಬಹುಪಾಲು ಗ್ಯಾಸಾಗಿ ಉಳಿಯುವುದಿಲ್ಲ. ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ, ಅಲ್ಲಿಂದ ಬೈಕಾರ್ಬೊನೇಟ್. ವೇಷ ಬದಲಾಯಿತಲ್ಲ, ಇನ್ನಷ್ಟು ಗ್ಯಾಸಿಗೆ ಜಾಗ ಸಿಕ್ಕಿತು. ಇದಕ್ಕೆ ನೀರಿನಲ್ಲಿರುವ ಕಾರ್ಬೊನೇಟ್ ಖರ್ಚಾಗುತ್ತದೆ. ಚಿಪ್ಪಿನ ಜೀವಿಗಳಿಗೆ, ಹವಳಕ್ಕೆ ಮೈ ಕಟ್ಟಲು ಬೇಕಾಗಿದ್ದೂ ಅದೇ. ಕಡಲಿನ ಮೇಲ್ಪದರದ ಪಿಎಚ್, ಅಂದರೆ ಆಮ್ಲವೋ ಕ್ಷಾರವೋ ಅಂತ ಹೇಳುವ ಅಳತೆ (ಇಳಿದಷ್ಟೂ ಆಮ್ಲತೆ ಜಾಸ್ತಿ), 8.2ರಿಂದ 8.1ಕ್ಕೆ ಇಳಿದಿದೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಆದರೆ ಪಿಎಚ್ ಲೆಕ್ಕದಲ್ಲಿ ಅದು ಆಮ್ಲತೆ ಶೇ. 30ರ ಹತ್ತಿರ ಜಾಸ್ತಿಯಾದಂತೆ. ಕಡಲೇ ಆಮ್ಲವಾಯಿತು ಅಂತ ಹೇಳಿಕೊಂಡು ತಿರುಗಬೇಡಿ, ಅದು ಈಗಲೂ ಕ್ಷಾರೀಯವೇ.

[ಗ್ರೀನ್‌ಲ್ಯಾಂಡ್ ಸುತ್ತಲಿನ ಕಡಲ ನಕ್ಷೆ]

ಗಾಳಿಯಿಂದ ಮೇಲ್ಪದರಕ್ಕೆ ಇಳಿಯಲು ಒಂದು ವರ್ಷ ಸಾಕು. ತಡವಾಗುವುದು ಅಲ್ಲಿಂದ ಕೆಳಗೆ ಹೋಗುವುದಕ್ಕೆ. ಇಲ್ಲಿ ನೋಡಿ, ಉಪ್ಪು ಜಾಸ್ತಿ ಇರುವ ನೀರು ತಣ್ಣಗಾಗಿ, ಭಾರವಾಗಿ, ಕಾರ್ಬನ್ ಸಮೇತ ಮುಳುಗುತ್ತದೆ. ಹಾಗೆ ಮುಳುಗಿದ್ದು ಮತ್ತೆ ಮೇಲೆ ಬರಲು ನೂರಾರು ವರ್ಷ, ಕೆಲವೊಮ್ಮೆ ಸಾವಿರವೂ ಬೇಕು. ಮೇಲಿನ ನೀರು ಬೆಚ್ಚಗಾದಷ್ಟೂ ಹಗುರಾಗುತ್ತದೆ, ಮುಳುಗುವುದು ಕಡಿಮೆಯಾಗುತ್ತದೆ.