83 ಸೆಕೆಂಡಿನ ಕೆಂಪು ಬೆಳಕು

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಗಡಿಯಾರ ಇದ್ದರೆ ಸೆಕೆಂಡ್ ಮುಳ್ಳು ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಣ್ಣಿನ ಹಿಂಭಾಗದಲ್ಲಿ ಒಂದು ತೆಳುವಾದ ಪರದೆ ಇದೆ, ಅಕ್ಷಿಪಟಲ. ರೆಟಿನಾ ಅಂತ ಕರೆಯುವುದೇ ಜಾಸ್ತಿ. ಅದರಲ್ಲೋ, ಅದರ ಅಡಿಯ ಪದರದಲ್ಲೋ ಕೆಲವರಿಗೆ ರಕ್ತನಾಳಗಳೇ ಗಂಟು ಕಟ್ಟಿಕೊಂಡು ಬೆಳೆಯುತ್ತವೆ. ಇದು ಕ್ಯಾನ್ಸರ್ ಅಲ್ಲ. ಆದರೆ ಸೋರುತ್ತದೆ. ಸೋರಿದ್ದು ರೆಟಿನಾದ ಕೆಳಗೆ ನಿಂತರೆ ನೋಟ ಮಂಜಾಗುತ್ತದೆ, ನೆಟ್ಟಗಿರುವ ಗೆರೆ ಡೊಂಕಾಗಿ ಕಾಣುತ್ತದೆ.

ಗಂಟು ಸಣ್ಣದು, ಅಂಚಿನಲ್ಲಿದೆ ಅಂದರೆ ಮಾಮೂಲಿ ಲೇಸರ್‌ನಿಂದ ಸುಟ್ಟರಾಯಿತು. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ನಟ್ಟನಡುವಿನ ಜಾಗದ ಪಕ್ಕದಲ್ಲೇ ಇದ್ದರೆ? ಗಂಟಿನ ಜೊತೆ ನೋಟವೂ ಸುಟ್ಟುಹೋಗಬಹುದು.

ಅಲ್ಲಿ ಫೋಟೋಡೈನಮಿಕ್ ಥೆರಪಿ ಕೆಲಸಕ್ಕೆ ಬರುತ್ತದೆ. ತೋಳಿಗೆ ಡ್ರಿಪ್ ಹಾಕಿ ವರ್ಟೆಪೋರ್ಫಿನ್ ಅನ್ನುವ ಔಷಧಿಯನ್ನು 10 ನಿಮಿಷ ಹರಿಸುತ್ತಾರೆ. ಶುರುವಾದ 15ನೇ ನಿಮಿಷಕ್ಕೆ ಗಂಟಿನ ಮೇಲೆ 689 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು. ಎಷ್ಟು ಹೊತ್ತು? ಸಾಮಾನ್ಯವಾಗಿ 83 ಸೆಕೆಂಡು. ಈಗ ಗಡಿಯಾರ ನೋಡಿ. ಹೆಚ್ಚುಕಡಿಮೆ ಅಷ್ಟೇ ಹೊತ್ತಾಗಿರಬೇಕು.

ಈ ಬೆಳಕಿಗೆ ಸುಡುವಷ್ಟು ಬಿಸಿ ಇಲ್ಲ. ಬೆಳಕು ತಾಗುವ ತನಕ ಔಷಧಿಯೂ ಸುಮ್ನೆ ರಕ್ತದಲ್ಲಿ ಓಡಾಡಿಕೊಂಡಿರುತ್ತದೆ. ಎರಡೂ ಕೂಡಿದ ಕಡೆ ಮಾತ್ರ ಆಮ್ಲಜನಕ ಕೆರಳುತ್ತದೆ. ನಾಳದ ಒಳಗೋಡೆಗೆ ಪೆಟ್ಟು ಬೀಳುತ್ತದೆ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ. ಮೇಲಿನ ರೆಟಿನಾ ಬಹುಮಟ್ಟಿಗೆ ಪಾರು. ಅಮೆರಿಕದಲ್ಲಿ ಈ ಔಷಧಿಗೆ 2000ರಲ್ಲಿ ಒಪ್ಪಿಗೆ ಸಿಕ್ಕಿದ್ದು ವಯಸ್ಸಾದವರ ಮ್ಯಾಕುಲಾ, ಅಂದರೆ ರೆಟಿನಾದ ಆ ನಟ್ಟನಡುವಿನ ಜಾಗದ ಕಾಯಿಲೆಗೆ. ಗಂಟಿಗೂ ಆಗಬಹುದಲ್ವಾ ಅಂತ ವೈದ್ಯರು ಇತ್ತ ತಿರುಗಿಸಿದರು.

ಎಲ್ಲ ಗಂಟಿಗೂ ಒಂದೇ ಫಲ ಅಂದುಕೊಳ್ಳಬೇಡಿ. ರೆಟಿನಾದ ಅಡಿಯ ಪದರದಲ್ಲಿ ಕಿತ್ತಳೆ ಬಣ್ಣಕ್ಕೆ ಉಬ್ಬುವ ಹೆಮ್ಯಾಂಜಿಯೋಮಾ ಚೆನ್ನಾಗಿ ಬಗ್ಗುತ್ತದೆ, ಎಷ್ಟೋ ಸಲ ಒಂದೇ ಬಾರಿಗೆ. ರೆಟಿನಾದೊಳಗೇ ಹುಟ್ಟುವ ಹೆಮ್ಯಾಂಜಿಯೋಬ್ಲಾಸ್ಟೋಮಾ ಹಟಮಾರಿ. ಚಿಕಿತ್ಸೆಯ ನಂತರ ಸೋರಿಕೆ ಸ್ವಲ್ಪ ದಿನ ಜಾಸ್ತಿಯಾಗುವುದೂ ಉಂಟು. ಈ ಎರಡನೇ ಬಗೆಯ ಗಂಟು ವಾನ್ ಹಿಪ್ಪೆಲ್-ಲಿಂಡೌ ಅನ್ನುವ ಆನುವಂಶಿಕ ಕಾಯಿಲೆಯ ಗುರುತಾಗಿರಬಹುದು. ಆ ಕಾಯಿಲೆ ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಿದುಳು, ಬೆನ್ನುಹುರಿ, ಮೂತ್ರಪಿಂಡದಲ್ಲೂ ಗಡ್ಡೆ ಏಳಬಹುದು. ಹಾಗಾಗಿ ಕಣ್ಣೊಂದನ್ನೇ ನೋಡಿ ಕಳಿಸಿದರೆ ಕೆಲಸ ಅರ್ಧವೇ ಆದಂತೆ.

ಇನ್ನು ಮನೆಗೆ ಹೋದ ಮೇಲಿನ ಮಾತು. ನನ್ನ ಪ್ರಕಾರ ಆ ಕೆಂಪು ಬೆಳಕಿಗಿಂತ ಕಷ್ಟದ ಭಾಗ ಇದೇ. ಔಷಧಿ ಕಣ್ಣಿಗಷ್ಟೇ ಹೋಗಿರುವುದಿಲ್ಲ, ಮೈಯೆಲ್ಲ ತಿರುಗಿರುತ್ತದೆ. 5 ದಿನ ಬಿಸಿಲು ಬೀಳಬಾರದು. ಹೊರಗೆ ಹೋಗಲೇಬೇಕೆಂದರೆ ಉದ್ದ ತೋಳು, ಟೋಪಿ, ಕೈಗವಸು, ಕಪ್ಪು ಕನ್ನಡಕ. ಹಲ್ಲಿನ ಡಾಕ್ಟರ ಪ್ರಖರ ದೀಪವೂ ಬೇಡ. ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಅದು ತಡೆಯುವುದು ನೇರಳಾತೀತ ಕಿರಣವನ್ನು, ಈ ಔಷಧಿ ಕೆರಳುವುದು ಕಣ್ಣಿಗೆ ಕಾಣುವ ಬೆಳಕಿಗೂ.

ಹಾಗಂತ ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದೂ ತಪ್ಪು. ಮನೆಯ ಮಾಮೂಲಿ ಬೆಳಕಿನಲ್ಲಿ ಓಡಾಡಿಕೊಂಡಿರಿ. ಚರ್ಮದಲ್ಲಿ ಉಳಿದ ಔಷಧಿಯನ್ನು ಆ ಮೆದು ಬೆಳಕೇ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ನಮಸ್ಕಾರ.