ಐದು ಮಾರ್ಕ್ಸಿನ ಶಾಲೆ

ಫೆಬ್ರವರಿ ಬೆಳಗ್ಗೆ, ಎಂಟೂ ಹತ್ತು. ಹಿಂದೆ ಕಾಣ್ತಿರೋ ಹಸಿರು ಗುಡ್ಡ ಕ್ಯಾಲಿಫೋರ್ನಿಯಾದ ನಮ್ಮ ಫ್ರೀಮಾಂಟ್ ಊರಿನ ಮಿಷನ್ ಪೀಕ್. ಈಗ ಮಲೆನಾಡಿನ ಥರ ಪೋಸ್ ಕೊಡ್ತಿದೆ, ಮೇ ಬಂದ್ರೆ ಬರೀ ಒಣಹುಲ್ಲು. ಆದ್ರೆ ನಾನು ಕಾರಲ್ಲಿ ಕೂತಿರೋದು ಗುಡ್ಡ ತೋರಿಸೋಕಲ್ಲ. ಕೆಳಗೆ ಆ ಕಾರುಗಳ ಸಾಲು ನೋಡಿ, ರಸ್ತೆ ತಿರುವು ದಾಟಿ ಹೋಗಿದೆಯಲ್ಲ, ಅದು ಒಂದು ಎಲಿಮೆಂಟರಿ, ಅಂದ್ರೆ ಪ್ರಾಥಮಿಕ ಶಾಲೆಯ ಡ್ರಾಪ್ ಆಫ್ ಲೈನ್, ಮಕ್ಕಳನ್ನ ಇಳಿಸೋ ಸಾಲು. ಮಕ್ಕಳ ಮುಖ ಬರಬಾರದು ಅಂತ ಇಷ್ಟು ದೂರದಿಂದ ತೋರಿಸ್ತಿದ್ದೀನಿ.

ನಮ್ಮ ಮಗನಿಗೆ ಜುಲೈಗೆ ಐದು ತುಂಬುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಸೆಪ್ಟೆಂಬರ್ 1ರೊಳಗೆ ಐದಾದ್ರೆ ಆ ವರ್ಷ ಕಿಂಡರ್‌ಗಾರ್ಟನ್. ನಮ್ಮ ಲೀಸ್ ಮುಗಿಯೋದು ಜೂನ್‌ಗೆ. ಹಾಗಾಗಿ ಮನೆ ಹುಡುಕೋದು ಬೇರೆ, ಶಾಲೆ ಹುಡುಕೋದು ಬೇರೆ ಅಂತಿಲ್ಲ. ಇಲ್ಲಿ ಸರ್ಕಾರಿ ಶಾಲೆ ಯಾವುದು ಅಂತ ತೀರ್ಮಾನ ಮಾಡೋದು ನಿಮ್ಮ ಮನೆ ವಿಳಾಸ.

ಫ್ರೀಮಾಂಟ್ ಊರು ಹುಟ್ಟಿದ್ದು 1956ರಲ್ಲಿ, ಐದು ಹಳೇ ಊರುಗಳನ್ನ ಸೇರಿಸಿ. ನೈಲ್ಸ್, ಸೆಂಟರ್‌ವಿಲ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೊಸೆ, ವಾರ್ಮ್ ಸ್ಪ್ರಿಂಗ್ಸ್. ಎಲ್ಲಕ್ಕೂ ಸೇರಿ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್, ಅಂದ್ರೆ ಸರ್ಕಾರಿ ಶಾಲೆಗಳನ್ನ ನಡೆಸೋ ಆಡಳಿತ, ಅದರಡಿ 25ಕ್ಕೂ ಹೆಚ್ಚು ಎಲಿಮೆಂಟರಿ ಶಾಲೆ. ಜ಼ಿಲ್ಲೋ ಥರದ ಮನೆ ಹುಡುಕೋ ಆ್ಯಪಲ್ಲಿ ಮನೆ ಒತ್ತಿದ್ರೆ ಅಡುಗೆಮನೆ ಫೋಟೋ ಕೆಳಗೇ ಶಾಲೆಗೆ ಗ್ರೇಟ್‌ಸ್ಕೂಲ್ಸ್ ಅನ್ನೋ ಸಂಸ್ಥೆ ಕೊಟ್ಟ ಮಾರ್ಕ್ಸ್ ಇರುತ್ತೆ, ಹತ್ತಕ್ಕೆ ಇಷ್ಟು ಅಂತ. ನಮ್ಮ ಪಟ್ಟಿಯಲ್ಲಿ ಉಳಿದಿದ್ದು ಮೂರು ಶಾಲೆ: ಒಂಬತ್ತು, ಏಳು, ಐದು. ಒಂಬತ್ತರ ಬೌಂಡರಿಯಲ್ಲಿ, ಅಂದ್ರೆ ಆ ಶಾಲೆಗೆ ಸೇರೋ ವಿಳಾಸಗಳ ಒಳಗೆ, ಅದೇ ಎರಡು ಬೆಡ್‌ರೂಮ್‌ಗೆ ತಿಂಗಳಿಗೆ 500 ಡಾಲರ್ ಜಾಸ್ತಿ ಕೇಳಿದ್ರು. ಕಾರ್ಪೆಟ್ ಹಳೇದು ಬೇರೆ.

ನಮ್ಮಮ್ಮ ಚನ್ನರಾಯಪಟ್ಟಣದಿಂದ ಬಂದಿದ್ದಾರೆ. ಫೋನ್ ಇಸ್ಕೊಂಡು ನೋಡಿ, ‘ನೀನು ಓದಿದ್ ಸ್ಕೂಲಿಗೆ ಇವ್ರು ಎಷ್ಟ್ ಕೊಡೋರು?’ ಅಂದ್ರು. ನಾಲ್ಕು ಕ್ಲಾಸಿಗೆ ಇಬ್ಬರು ಮೇಷ್ಟ್ರು, ಒಂದು ನಲ್ಲಿ, ಅದರಲ್ಲಿ ನೀರು ಬಂದ್ರೆ ಬಂತು. ನಾನು ಉತ್ತರ ಕೊಡಲಿಲ್ಲ.

ಆ ರಾತ್ರಿ ಮಾರ್ಕ್ಸ್ ಎಲ್ಲಿಂದ ಬರುತ್ತೆ ಅಂತ ಹುಡುಕ್ತಾ ಕೂತೆ. ಅದರ ಬೇರು ಇರೋದು ರಾಜ್ಯದ ಪರೀಕ್ಷೆಯಲ್ಲಿ. ಅದನ್ನ ಬರೆಯೋದು ಮೂರನೇ ಕ್ಲಾಸಿಂದ. ಅಂದ್ರೆ ಕಿಂಡರ್‌ಗಾರ್ಟನ್, ಒಂದು, ಎರಡನೇ ಕ್ಲಾಸಲ್ಲಿ ಏನಾಗ್ತಿದೆ ಅನ್ನೋದು ಆ ಅಂಕಿಯಲ್ಲಿ ನೇರವಾಗಿ ಇಲ್ಲವೇ ಇಲ್ಲ, ನನಗೆ ಬೇಕಿದ್ದಿದ್ದೇ ಅದು. ಇನ್ನು ಒಂದೇ ಡಿಸ್ಟ್ರಿಕ್ಟ್ ಅಂದ್ಮೇಲೆ ಟೀಚರ್‌ಗಳ ಸಂಬಳದ ಪಟ್ಟಿ ಒಂದೇ, ಪಠ್ಯ ಒಂದೇ. ಊಟವೂ ಅಷ್ಟೇ. 2022–23ರಿಂದ ಈ ರಾಜ್ಯದ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ, ನಮ್ಮ ಬಿಸಿಯೂಟದ ಹಾಗೆ. ಇದು ಕೇಳಿ ಅಮ್ಮ ನಕ್ಕಿದ್ದು ಬೇರೆ ಕಾರಣಕ್ಕೆ. ಅವರು ಚಿಕ್ಕವರಿದ್ದಾಗ ಶಾಲೆಯಲ್ಲಿ ಅಮೆರಿಕದಿಂದ ಬಂದ ಗೋಧಿ ರವೆ ಉಪ್ಪಿಟ್ಟು ತಿಂದವರು. ‘ನನಗೂ ಇವರೇ ಹಾಕಿದ್ರು, ಮೊಮ್ಮಗನಿಗೂ ಇವರೇ ಹಾಕ್ತಾರೆ’ ಅಂತ.

ಹಾಗಾದ್ರೆ ಒಂಬತ್ತಕ್ಕೂ ಐದಕ್ಕೂ ವ್ಯತ್ಯಾಸ ಎಲ್ಲಿದೆ? ಒಂಬತ್ತರ ಶಾಲೆ ಸುತ್ತ ಒಂದು ರೌಂಡ್ ಹಾಕಿದ್ವಿ. ಈ ಕ್ಲಿಪ್ ನೋಡಿ, ಒಂದೇ ಪ್ಲಾಜಾದಲ್ಲಿ ಎರಡು ಗಣಿತದ ಟ್ಯೂಷನ್, ಒಂದು ಇಂಗ್ಲಿಷ್ ಟ್ಯೂಷನ್, ಮಧ್ಯೆ ಒಂದು ಬೋಬಾ ಟೀ. ಟ್ಯೂಷನ್ನಿಗೆ ದುಡ್ಡು ಕಟ್ಟೋದು ಅಪ್ಪ ಅಮ್ಮ, ಮಾರ್ಕ್ಸ್ ಜಮಾ ಆಗೋದು ಶಾಲೆ ಖಾತೆಗೆ. ಹಾಗಂತ ಅಲ್ಲಿನ ಟೀಚರ್ಸ್ ಕಲಿಸಲ್ಲ ಅಂತಲ್ಲ, ಲೈಬ್ರರಿ ನೋಡಿ ನನಗೇ ಹೊಟ್ಟೆಕಿಚ್ಚಾಯ್ತು. ಆದ್ರೆ ಆಟದ ಮೈದಾನದ ಒಂದು ಮೂಲೆಯನ್ನ ಪೋರ್ಟಬಲ್ ಕ್ಲಾಸ್‌ರೂಮ್‌ಗಳು ನುಂಗಿದ್ವು. ಆಫೀಸಲ್ಲಿ ಒಂದು ಮಾತು ಹೇಳಿದ್ರು: ಬೌಂಡರಿ ಒಳಗಿದ್ರೂ ಸೀಟು ಗ್ಯಾರಂಟಿ ಇಲ್ಲ, ಭರ್ತಿಯಾದ್ರೆ ಡಿಸ್ಟ್ರಿಕ್ಟಿನ ಬೇರೆ ಶಾಲೆಗೆ ಕಳಿಸ್ತಾರೆ. 500 ಡಾಲರ್ ಕೊಟ್ಟೂ!

ಏಳರ ಶಾಲೆ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಚೆನ್ನಾಗಿತ್ತು. ಮನೆ ಸಿಗಲಿಲ್ಲ.

ಐದರ ಶಾಲೆಗೆ ಹೋಗಿದ್ದು ಮನಸ್ಸಿಲ್ಲದ ಮನಸ್ಸಿಂದ. ಹೋಗೋಕೆ ಮುಂಚೆ ಒಂದು ಲೆಕ್ಕ ಮಾಡಿದ್ದೆ, ನೀವೂ ಮಾಡ್ಬಹುದು. ರಾಜ್ಯದ ಪರೀಕ್ಷೆಯ ಫಲಿತಾಂಶ ಕ್ಲಾಸ್‌ವಾರು ಸಿಗುತ್ತೆ. ಒಂದು ವರ್ಷದ ಮೂರನೇ ಕ್ಲಾಸ್ ತಗೊಳ್ಳಿ, ಮುಂದಿನ ವರ್ಷದ ನಾಲ್ಕು, ಅದರ ಮುಂದಿನ ಐದು. ಹೆಚ್ಚುಕಮ್ಮಿ ಅದೇ ಮಕ್ಕಳು, ನಡುವೆ ಊರು ಬಿಟ್ಟವರು, ಬಂದವರು ಇರ್ತಾರೆ. ಐದರ ಶಾಲೆಯ ಆ ಗುಂಪು ಹತ್ತುತ್ತಾ ಹೋಗಿತ್ತು. ಒಂಬತ್ತರ ಗುಂಪು ಮೇಲೆ ಶುರುವಾಗಿ ಮೇಲೇ ಉಳಿದಿತ್ತು. ಮಗು ಶಾಲೆಗೆ ಬಂದ್ಮೇಲೆ ಏನಾಗುತ್ತೆ ಅನ್ನೋದಕ್ಕೆ ನನಗೆ ಮೊದಲನೇದೇ ಹೆಚ್ಚು ಹೇಳ್ತು.

ಶಾಲೆಗಳು ಹೇಗಿವೆ ಅಂತ ತೋರಿಸೋ ರಾಜ್ಯದ್ದೇ ಡ್ಯಾಶ್‌ಬೋರ್ಡ್ ವೆಬ್‌ಸೈಟ್ ಕೂಡ ಇದೆ. ಒಟ್ಟು ಮಾರ್ಕ್ಸ್ ಇಲ್ಲ, ಕೆಂಪಿಂದ ನೀಲಿವರೆಗೆ ಐದು ಬಣ್ಣ. ಅದರಲ್ಲಿ ಗೈರುಹಾಜರಿ ನೋಡಿ. ಶೇ 10ರಷ್ಟು ದಿನ ತಪ್ಪಿಸಿದ್ರೆ ಆ ಮಗು ಲೆಕ್ಕಕ್ಕೆ ಬರುತ್ತೆ, ಅಂದ್ರೆ 180 ದಿನದಲ್ಲಿ 18. ಡಿಸೆಂಬರ್ ರಜೆಗೆ ಎರಡು ವಾರ ಅಂಟಿಸಿ ಊರಿಗೆ ಹೋಗಿಬರೋ ನಾವು ಅಲ್ಲೇ ಹತ್ತು ಖರ್ಚು ಮಾಡಿರ್ತೀವಿ. ಆಮೇಲೆ ಎರಡು ಜ್ವರ ಸಾಕು.

ಸರಿ, ಶಾಲೆ. ಗೋಡೆ ಬಣ್ಣ ಹಳೇದು. ಆದ್ರೆ ಪ್ರಿನ್ಸಿಪಾಲ್ ಗೇಟಲ್ಲಿ ನಿಂತು ಮಕ್ಕಳನ್ನ ಹೆಸರು ಹಿಡಿದು ಕರೀತಿದ್ರು. ಓದೋಕೆ ಕಷ್ಟಪಡೋ ಮಕ್ಕಳನ್ನ ನಾಲ್ಕು ನಾಲ್ಕು ಜನ ಕೂರಿಸ್ಕೊಂಡು ಓದಿಸೋಕೆ ಒಬ್ಬರು ಬೇರೆ ಟೀಚರ್. ದುಡ್ಡು ಎಲ್ಲಿಂದ ಅಂತ ಕೇಳಿದೆ. ಕಡಿಮೆ ಆದಾಯದ ಮನೆ ಮಕ್ಕಳು, ಇಂಗ್ಲಿಷ್ ಕಲೀತಿರೋ ಮಕ್ಕಳು ಜಾಸ್ತಿ ಇದ್ದಾರಲ್ಲ, ಅದಕ್ಕೆ ಬರೋ ಹಣದಿಂದ ಅಂದ್ರು. 2013ರಲ್ಲಿ ಈ ರಾಜ್ಯ ಅನುದಾನದ ಸೂತ್ರ ಬದಲಾಯಿಸ್ತು, ಅಂಥ ಪ್ರತಿ ಮಗುವಿಗೂ ಡಿಸ್ಟ್ರಿಕ್ಟಿಗೆ ಮೂಲ ಅನುದಾನದ ಮೇಲೆ ಇನ್ನೂ ಶೇ 20 ಸಿಗುತ್ತೆ.

ಈಗ ಫಾರ್ಮಿನ ಕಥೆ. ಮೊದಲ ಸಲ ಸೇರಿಸುವಾಗ ಮನೆ ಭಾಷೆಯ ಬಗ್ಗೆ ನಾಲ್ಕು ಪ್ರಶ್ನೆ ಇರುತ್ತೆ. ಮಗು ಮೊದಲು ಮಾತಾಡಿದ ಭಾಷೆ ಯಾವುದು, ಮನೇಲಿ ಯಾವುದು ಜಾಸ್ತಿ ಆಡುತ್ತೆ, ನೀವು ಮಗು ಜೊತೆ ಯಾವುದು ಆಡ್ತೀರ, ಮನೇಲಿರೋ ದೊಡ್ಡವರು ಯಾವುದು ಆಡ್ತಾರೆ. ಕನ್ನಡ ಅಂತ ಬರೆದ್ರೆ ಮಗುವಿಗೆ ಇಂಗ್ಲಿಷಿನ ಒಂದು ಪರೀಕ್ಷೆ, ಎಲ್ಪ್ಯಾಕ್ ಅಂತ. ಅದರಲ್ಲಿ ಸಾಲದು ಅಂದ್ರೆ ‘ಇಂಗ್ಲಿಷ್ ಲರ್ನರ್’ ಅನ್ನೋ ಹಣೆಪಟ್ಟಿ, ದಿನಾ ಇಂಗ್ಲಿಷ್ ಭಾಷೆಗೇ ಅಂತ ಸ್ವಲ್ಪ ಪಾಠ.

ನಮ್ಮ ವಾಟ್ಸ್ಆ್ಯಪ್ ಗ್ರೂಪಲ್ಲಿ ಎಲ್ಲರದ್ದೂ ಒಂದೇ ಸಲಹೆ: ನಾಲ್ಕಕ್ಕೂ ಇಂಗ್ಲಿಷ್ ಅಂತ ಬರೀರಿ, ತಲೆನೋವು ತಪ್ಪುತ್ತೆ. ಇದೇ ಗ್ರೂಪಲ್ಲಿ ಪ್ರತಿ ಶುಕ್ರವಾರ ರಾತ್ರಿ ಬರೋ ಇನ್ನೊಂದು ಮೆಸೇಜ್ ಏನು ಗೊತ್ತಾ? ‘ಭಾನುವಾರ ಕನ್ನಡ ಕ್ಲಾಸಿಗೆ ಕಾರ್‌ಪೂಲ್ ಯಾರು?’ ಹದಿನೈದು ಮೈಲಿ ಓಡಿಸ್ಕೊಂಡು ಹೋಗಿ ಅ ಆ ಇ ಈ ತಿದ್ದಿಸೋ ನಾವು, ಫಾರ್ಮಲ್ಲಿ ಕನ್ನಡ ಅಂತ ಬರೆಯೋಕೆ ಹೆದರ್ತೀವಿ. ಮನೆ ಹುಡುಕುವಾಗ ‘ಅಲ್ಲಿ ಇಂಗ್ಲಿಷ್ ಬರದ ಮಕ್ಕಳು ಜಾಸ್ತಿ’ ಅಂತ ಐದರ ಶಾಲೆಯನ್ನ ಪಟ್ಟಿಯಿಂದ ಹೊಡೆದುಹಾಕೋಕೆ ಹೊರಟಿದ್ದವಳು ನಾನೇ. ನನ್ನ ಮಗ ಅದೇ ಲೆಕ್ಕದ ಮಗು ಅಂತ ಆಗ ಹೊಳೆದಿರಲಿಲ್ಲ.

ಕೌಂಟರಲ್ಲಿ ಪೆನ್ನು ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತೆ. ಪಕ್ಕದಲ್ಲಿ ಅವನು ಅಜ್ಜಿಗೆ ‘ಅಜ್ಜಿ, ಇಲ್ಲಿ ಜಾರೋಬಂಡಿ ಐತೆ’ ಅಂತಿದ್ದ. ‘ಇದೆ’ ಕೂಡ ಅಲ್ಲ, ‘ಐತೆ’. ಸುಳ್ಳು ಬರೆಯೋಕೆ ಜಾಗವೇ ಇರಲಿಲ್ಲ. ನಾಲ್ಕಕ್ಕೂ ಕನ್ನಡ ಅಂತ ಬರೆದೆ.

ಮನೆ ಸಿಕ್ತು, ಐದರ ಬೌಂಡರಿಯಲ್ಲಿ. ಶಾಲೆಗೆ ನಡ್ಕೊಂಡು ಹನ್ನೊಂದು ನಿಮಿಷ, ಅಮ್ಮನ ಜೊತೆ ಹದಿನೇಳು. ಗ್ರೂಪಲ್ಲಿ ಯಾವ ಶಾಲೆ, ಎಷ್ಟು ರೇಟಿಂಗ್ ಅಂತ ಕೇಳಿದ್ರು. ‘5’ ಅಂತ ಹಾಕಿದೆ. ಎರಡು ನೀಲಿ ಗೆರೆ ಬಂತು, ಸುಮಾರು ಹೊತ್ತು ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಬ್ಬರು ಕೈಮುಗಿಯೋ ಎಮೋಜಿ ಹಾಕಿದ್ರು.

ರಾತ್ರಿ ಹತ್ತೂವರೆಗೆ ಒಂಬತ್ತರ ಶಾಲೆಯ ಒಬ್ಬ ಅಮ್ಮ ಬೇರೆಯಾಗಿ ಮೆಸೇಜ್ ಮಾಡಿದ್ರು. ‘ಅಲ್ಲಿ ಬೆಳಗ್ಗೆ ಪಾರ್ಕಿಂಗ್ ಸಿಗುತ್ತಾ?’